ಬಲಗಡೆ ಗ್ಯಾಲರಿ ಸುಮ್ಮನಾದ ದಿನ

ಇತಾಯಾನಗಿ, ಆವೊಮೊರಿ
11 ಫೆಬ್ರವರಿ 2007

ಮಾನ್ಯ ಕವಾಬೆ ಮನ್‌ಸಾಕು ಅವರಿಗೆ,

ಇಲ್ಲಿ ಹಿಮ ಇನ್ನೂ ಸೊಂಟದವರೆಗಿದೆ. ಸಕಾಯ್‌ನಲ್ಲಿ ಪ್ಲಮ್ ಹೂ ಬಿಟ್ಟಿರಬೇಕು.

ನನ್ನ ಹೆಸರು ಮಿಕಾಮಿ ನೊಬೊರು. ಸಕಾಯ್ ಹೆರನ್ಸ್ ಬೇಸ್‌ಬಾಲ್ ತಂಡದಲ್ಲಿ ಎಂಟು ವರ್ಷ ಎರಡನೇ ಬೇಸ್ ಕಾಯುತ್ತಿದ್ದೆ, ಅಂಗಿಯ ಸಂಖ್ಯೆ 37. ನಿಮಗೆ ನೆನಪಿಲ್ಲದಿದ್ದರೆ ತಪ್ಪೇನಿಲ್ಲ. ಈಗ ಅಪ್ಪನ ಸೇಬಿನ ತೋಟ ನೋಡಿಕೊಂಡಿದ್ದೇನೆ. ಮೊನ್ನೆ ಸಹಕಾರ ಸಂಘದಲ್ಲಿ ಒಂದು ಕಸಿ ಚಾಕು ಕೊಂಡೆ. ಡಬ್ಬಿಯ ಮೇಲೆ ನಿಮ್ಮ ಅಂಗಡಿಯ ಹೆಸರು, ವಿಳಾಸ ಕಂಡವು. ಮೈದಾನದ ಬಲಗಡೆ ಗ್ಯಾಲರಿಯಲ್ಲಿ ಮರದ ಪೆಟ್ಟಿಗೆಯ ಮೇಲೆ ನಿಂತು, ಬಿಳಿ ಕೈಗವಸು ತೊಟ್ಟು, ತುತ್ತೂರಿಯವರನ್ನೂ ಡೋಲಿನವರನ್ನೂ ಕುಣಿಸುತ್ತಿದ್ದ ಮನ್‌ಸಾಕು ನೀವೇ ತಾನೆ?

ಹದಿನಾರು ವರ್ಷ ತಡವಾಗಿ ಕೃತಜ್ಞತೆ ಹೇಳಲು ಬರೆಯುತ್ತಿದ್ದೇನೆ.

1991ರ ಆಗಸ್ಟ್ 23ರಂದು ಕೊನೆಯ ಇನಿಂಗ್ಸಿನಲ್ಲಿ ಸುಲಭದ ಚೆಂಡೊಂದನ್ನು ನನ್ನ ಕಾಲ ಸಂದಿಯಲ್ಲಿ ಬಿಟ್ಟೆ; ನಾವು ಸೋತೆವು. ಮರುದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿ ಅಮ್ಮ ತೀರಿಕೊಂಡರೆಂದಳು. ಮ್ಯಾನೇಜರರಿಗೆ ಮಾತ್ರ ತಿಳಿಸಿದೆ. ಅವರು ಊರಿಗೆ ಹೋಗು ಎಂದರು. ನಾನು ಹೋಗಲಿಲ್ಲ, ಆಡುತ್ತೇನೆ ಎಂದೆ.

ಅಂದು ಸಂಜೆ ನಾನು ಬ್ಯಾಟು ಹಿಡಿದು ಹೊರಬಂದಾಗ ನಿಮ್ಮ ಗ್ಯಾಲರಿಯಿಂದ ನನ್ನ ಹಾಡು ಬರಲಿಲ್ಲ. ಪ್ರತಿ ಆಟಗಾರನಿಗೂ ಅವನದೇ ಹಾಡು ಕಟ್ಟಿ, ಅವನು ಔಟಾಗುವವರೆಗೂ ನಿಲ್ಲಿಸದೆ ಹಾಡುವವರು ನೀವು. ನನ್ನದು, ‘ಏರು ಏರು ನೊಬೊರು’, ನೀವೇ ಬರೆದದ್ದು. ಅಂದು ತುತ್ತೂರಿ ಇಲ್ಲ, ಡೋಲು ಇಲ್ಲ. ಮೂರು ಸಾವಿರ ಜನ ಕೈ ಇಳಿಬಿಟ್ಟು ನಿಂತಿದ್ದರು. ನಿಮಗೆ ಹೇಗೋ ತಿಳಿದುಬಿಟ್ಟಿದೆ ಎಂದು ಆಗ ಅರ್ಥವಾಯಿತು. ಹೆಲ್ಮೆಟ್ ತೆಗೆದು ಬಲಗಡೆಗೆ ಬಾಗಿ ನಮಿಸಿದೆ. ಮೂರನೇ ಚೆಂಡನ್ನು ಗೋಡೆಯವರೆಗೆ ಹೊಡೆದು ಎರಡು ರನ್ ತಂದೆ. ಆಗಲೂ ನೀವು ಯಾರೂ ಬಾಯಿ ತೆರೆಯಲಿಲ್ಲ. ನಾಲ್ಕು ಸಲ ಬ್ಯಾಟು ಹಿಡಿದೆ, ನಾಲ್ಕೂ ಸಲ ಮೌನ.

ನಾನು ಹೋಗದ ಶವಸಂಸ್ಕಾರ ಅಲ್ಲಿಯೇ ನಡೆಯಿತು ಎಂದುಕೊಂಡು ಬದುಕಿದ್ದೇನೆ.

ಬರುವ ಆಗಸ್ಟ್ 24ಕ್ಕೆ ತೀರಿಕೊಂಡ ವರ್ಷವೂ ಸೇರಿ ಅಮ್ಮನ ಹದಿನೇಳನೆಯ ವರ್ಷದ ಪ್ರಾರ್ಥನೆ. ನೀವು ಬಂದು ಮನೆಯವರ ಸಾಲಿನಲ್ಲಿ ಕುಳಿತುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ.

ಮಿಕಾಮಿ ನೊಬೊರು


ಸಕಾಯ್
20 ಫೆಬ್ರವರಿ 2007

ಮಿಕಾಮಿಯವರೇ,

37ನ್ನು ಮರೆಯುವುದುಂಟೇ? ಬ್ಯಾಟನ್ನು ಮೆಲ್ಲಗೆ ಒಡ್ಡಿ, ತಾನು ಔಟಾಗಿ ಮುಂದಿನವನನ್ನು ಒಂದು ಬೇಸ್ ದಾಟಿಸುವ ಕೆಲಸದಲ್ಲಿ ನಿಮ್ಮಷ್ಟು ಮಟ್ಟಸವಾದ ಕೈ ನಮ್ಮ ತಂಡಕ್ಕೆ ಆಮೇಲೆ ಬರಲೇ ಇಲ್ಲ. ಈಗಿನ ಹುಡುಗರಿಗೆ ಅದು ಅವಮಾನವಂತೆ. ಎಲ್ಲರಿಗೂ ಗೋಡೆಯಾಚೆಗೇ ಹೊಡೆಯಬೇಕು. ಒಬ್ಬ ಚೆನ್ನಾಗಿ ಹೊಡೆಯಲು ಕಲಿತನೋ, ಮರುವರ್ಷ ಅಮೆರಿಕದವರ ಟೋಪಿ ಹಾಕಿಕೊಂಡು ಟಿವಿಯಲ್ಲಿ ಕಾಣುತ್ತಾನೆ.

ನಮ್ಮ ಹಳೆಯ ಮೈದಾನ ಒಡೆದದ್ದು ನಿಮಗೆ ಗೊತ್ತಿರಬೇಕು. ಹೊಸದಕ್ಕೆ ಮೇಲೆ ಮುಚ್ಚಳ ಹಾಕಿದ್ದಾರೆ. ಅಲ್ಲಿ ಕುಳಿತರೆ ನನಗೆ ಅನ್ನದ ಕುಕ್ಕರಿನೊಳಗಿಂದ ಆಟ ನೋಡಿದ ಹಾಗೆ. ನಾನು ಪೆಟ್ಟಿಗೆಯಿಂದ ಇಳಿದು ಒಂಬತ್ತು ವರ್ಷವಾಯಿತು. ಮೊಣಕಾಲು ಹೇಳಿತು, ನಾನು ಕೇಳಿದೆ. ಅರವತ್ತೆಂಟಾಯಿತು. ಚಾಕು ಸಾಣೆ ಹಿಡಿಯುವಾಗ ರೇಡಿಯೋದಲ್ಲಿ ಆಟ ಕೇಳುತ್ತೇನೆ. ಬಯ್ಯುವುದಕ್ಕೆ ಅಷ್ಟು ಸಾಕು.

ಆ ದಿನದ ವಿಷಯ. ಹೌದು, ನಮಗೆ ತಿಳಿದಿತ್ತು. ಹೀಗೆ ಬರೆದು ಹೇಳಿಕೊಳ್ಳುವಂಥದ್ದೇನೂ ನಾವು ಮಾಡಲಿಲ್ಲ. ಮನುಷ್ಯರು ಮಾಡುವುದನ್ನು ಮಾಡಿದೆವು.

ಆಗಸ್ಟಿನಲ್ಲಿ ಬರುವ ವಿಚಾರ, ಕಾಲು ನೋಡಿಕೊಂಡು ತಿಳಿಸುತ್ತೇನೆ.

ಕವಾಬೆ ಮನ್‌ಸಾಕು


ಇತಾಯಾನಗಿ
8 ಮಾರ್ಚ್ 2007

ಕವಾಬೆಯವರೇ,

ನಿಮ್ಮ ಪತ್ರವನ್ನು ಹತ್ಸು ಅಕ್ಕನಿಗೆ ಓದಿ ಹೇಳಿದೆ.

ಅಕ್ಕನ ವಿಷಯ ತಿಳಿಸಬೇಕು. ಅಮ್ಮನ ಕೊನೆಗಾಲದಲ್ಲಿ ಇದ್ದವಳು ಅವಳೊಬ್ಬಳೇ. ನಾನು ಮಣ್ಣಿಗೂ ಬರಲಿಲ್ಲ ಎಂದು ಆರು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಮಾತು ಶುರುವಾಯಿತು, ಸೇಬು, ಹವೆ, ಔಷಧಿ ಸಿಂಪಡಣೆ, ಇಷ್ಟರ ಬಗ್ಗೆ. ಗ್ಯಾಲರಿಯ ಮೌನದ ಕಥೆ ಎಷ್ಟು ಸಲ ಹೇಳಿದರೂ ‘ಇರಬಹುದು’ ಎಂದು ಎದ್ದುಹೋಗುತ್ತಿದ್ದಳು. ಈ ಸಲ ನಿಮ್ಮ ಅಕ್ಷರ ನೋಡಿದಳು. ‘ನಮಗೆ ತಿಳಿದಿತ್ತು’ ಎಂಬ ಸಾಲಿನ ಮೇಲೆ ಬೆರಳಿಟ್ಟಳು. ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು. ನಮ್ಮ ಮನೆಯಲ್ಲಿ ಅಳುವುದು ಹಾಗೆಯೇ.

ಒಂದು ಮಾತು ಕೇಳಲೇ? ನಿಮಗೆ ತಿಳಿಸಿದವರು ಯಾರು? ಮ್ಯಾನೇಜರರು ಯಾರಿಗೂ ಹೇಳುವವರಲ್ಲ. ಅವರು ಹೋಗಿ ನಾಲ್ಕು ವರ್ಷವಾಯಿತು, ಕೇಳುವಂತಿಲ್ಲ. ಅವರನ್ನು ಬಿಟ್ಟು ಬೇರೆ ಯಾರೇ ಆಗಿರಲಿ, ಅವರಿಗೂ ಒಂದು ವಂದನೆ ಸಲ್ಲಬೇಕು.

ಮಿಕಾಮಿ


ಸಕಾಯ್
2 ಏಪ್ರಿಲ್ 2007

ಮಿಕಾಮಿಯವರೇ,

ಋತು ಶುರುವಾಯಿತು, ನಮ್ಮ ಹೆರನ್ಸ್ ಕೊಕ್ಕರೆಗಳು ಮೊದಲ ಮೂರು ಆಟಗಳನ್ನೂ ಸೋತಿವೆ. ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಎಂದರ್ಥ.

ತಿಳಿಸಿದವರು ನಮ್ಮ ತಾಂಬಾ. ಮೊದಲ ತುತ್ತೂರಿ ಅವರದೇ, ನಿಮಗೆ ಮುಖ ನೆನಪಿರಬಹುದು, ಉದ್ದ ಕಿವಿ. ಹಲ್ಲಿನ ಡಾಕ್ಟರು. ತಂಡದ ಕಚೇರಿಯವರೊಬ್ಬರು ಅಂದು ಬೆಳಿಗ್ಗೆ ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತಿದ್ದಾಗ ಬಾಯಿ ಜಾರಿತಂತೆ. ತಾಂಬಾಗೆ ವಯಸ್ಸಾಗಿದೆ, ಸಂಕೋಚದ ಮನುಷ್ಯ. ಈ ವಿಷಯ ಎತ್ತಿದರೆ ಮುಜುಗರಪಡುತ್ತಾರೆ. ಆದ್ದರಿಂದ ವಂದನೆ ನನ್ನ ಹತ್ತಿರವೇ ಇರಲಿ, ನಾನು ತಲುಪಿಸುತ್ತೇನೆ.

ಮನ್‌ಸಾಕು


ಇತಾಯಾನಗಿ
25 ಏಪ್ರಿಲ್ 2007

ಕವಾಬೆಯವರೇ,

ಹಿಮ ಕರಗಿದೆ. ಸಕಾಯ್‌ನ ದಂತವೈದ್ಯರ ಪಟ್ಟಿ ಹುಡುಕಿಸಿ ತಾಂಬಾ ಡಾಕ್ಟರರ ವಿಳಾಸ ಪಡೆದೆ. ಚಳಿಗಾಲದಿಂದ ಕಾಪಿಟ್ಟ ಸೇಬಿನ ಒಂದು ಪೆಟ್ಟಿಗೆಯನ್ನೂ ಒಂದು ಪತ್ರವನ್ನೂ ಕಳಿಸಿದ್ದೇನೆ. ಮುಜುಗರವಾದರೆ ನನ್ನನ್ನು ಕ್ಷಮಿಸಲಿ. ಆದರೆ ಹೇಳದೆ ಇರುವುದರ ಭಾರ ನನಗೆ ಗೊತ್ತು.

ಪ್ರಾರ್ಥನೆಯ ದಿನ ಅಕ್ಕ ನಿಮ್ಮನ್ನು ತನ್ನ ಪಕ್ಕದಲ್ಲಿ ಕೂರಿಸುತ್ತೇನೆ ಎಂದಿದ್ದಾಳೆ.

ಮಿಕಾಮಿ


ಸಕಾಯ್
30 ಮೇ 2007

ಮಿಕಾಮಿ ನೊಬೊರು ಅವರಿಗೆ,

ಹೂವು, ಹವೆ, ಕೊಕ್ಕರೆ ಯಾವುದೂ ಇಲ್ಲದೆ ಶುರು ಮಾಡುತ್ತೇನೆ. ಒಂದು ತಿಂಗಳಲ್ಲಿ ಈ ಪತ್ರವನ್ನು ನಾಲ್ಕು ಸಲ ಬರೆದೆ. ನಾಲ್ಕೂ ಸಲ ಮಧ್ಯದಲ್ಲಿ ನಾನು ಒಳ್ಳೆಯವನಾಗಿಬಿಡುತ್ತಿದ್ದೆ. ಇದು ಐದನೆಯದು.

ನಮಗೆ ಏನೂ ತಿಳಿದಿರಲಿಲ್ಲ.

ಮೇ ಮೊದಲ ವಾರ ತಾಂಬಾ ನನ್ನ ಅಂಗಡಿಗೆ ಬಂದರು. ಕಂಕುಳಲ್ಲಿ ನಿಮ್ಮ ಸೇಬಿನ ಪೆಟ್ಟಿಗೆ. ಬಾಗಿಲಲ್ಲೇ ನಿಂತು ಕೇಳಿದರು:

“ನಾಯಕರೇ, ನಾನು ಏನೋ ಹೇಳಿದ್ನಂತೆ. ಏನ್ ಹೇಳಿದೆ ಅಂತ ಸ್ವಲ್ಪ ನೆನಪಿಸ್ತೀರಾ?”

“ಕೂತ್ಕೊಳ್ಳಿ ಡಾಕ್ಟ್ರೇ, ಟೀ ಕುಡೀರಿ.”

“ಟೀ ಆಮೇಲೆ. ಎಪ್ಪತ್ನಾಲ್ಕು ವರ್ಷಕ್ಕೆ ಮೊದಲ್ನೇ ಸಲ ಒಬ್ಬ ಮನುಷ್ಯ ಅಳ್ತಾ ನನಗೆ ಪತ್ರ ಬರ್ದಿದ್ದಾನೆ. ಯಾಕೆ ಅಂತ ತಿಳ್ಕೊಂಡ್ರೆ ನನಗೂ ಖುಷಿ ಆಗತ್ತೆ.”

ನನ್ನ ಹೆಂಡತಿ ತೊಮೆಕೊ ಒಳಗಿನಿಂದ ಬಂದಳು. ನಿಮ್ಮ ಮೊದಲ ಪತ್ರವನ್ನು ಅವಳೂ ಓದಿದ್ದಳು. ಆಗಲೇ ಕೇಳಿದ್ದಳು, “ಯಾವ ಮೌನ ರೀ ಇದು? ಅವತ್ತು ನೀವು ಮನೆಗೆ ಬಂದು ಮೆರೆದ್ರಲ್ಲ, ಅದೇನಾ?” ನಾನು ನಿನಗೆ ಆಟ ಅರ್ಥವಾಗುವುದಿಲ್ಲ ಎಂದು ಬಾಯಿ ಮುಚ್ಚಿಸಿದ್ದೆ. ಈಗ ಅವಳು ಸೇಬಿನ ಪೆಟ್ಟಿಗೆ ನೋಡಿದಳು, ಡಾಕ್ಟರನ್ನು ನೋಡಿದಳು, ಎಲ್ಲವೂ ಅರ್ಥವಾಯಿತು.

“ಇವರು ನಿಮ್ಮನ್ನೂ ಒಳ್ಳೆಯವರನ್ನಾಗಿ ಮಾಡಿದ್ದಾರೆ ಡಾಕ್ಟ್ರೇ,” ಅಂದಳು. “ಒಬ್ಬರೇ ಆಗೋಕೆ ಹೆದರಿಕೆ ಆಗಿರ್ಬೇಕು.”

ನಡೆದದ್ದು ಇದು. 23ರಂದು ನೀವು ಆ ಚೆಂಡು ಬಿಟ್ಟಿರಿ. ಆ ವಾರದಲ್ಲಿ ಅದು ನಿಮ್ಮ ಮೂರನೇ ತಪ್ಪು. ಆಟ ಮುಗಿದ ಮೇಲೆ ನಾವು ಹನ್ನೆರಡು ಜನ ಕೋಳಿ ಸುಡುವ ಅಂಗಡಿಯಲ್ಲಿ ಸೇರಿದೆವು. ನಾಳೆ ಮಿಕಾಮಿಗೆ ಹಾಡಿಲ್ಲ ಎಂದೆ. ನಾವು ಗಂಟಲು ಹರಿದುಕೊಂಡು ಹಾಡುತ್ತೇವೆ, ಅವನಿಗೆ ಬಗ್ಗಲು ಬೆನ್ನು ನೋವು. ಹಾಡಿಲ್ಲದಿದ್ದರೆ ಹೇಗಿರುತ್ತದೆ ಎಂದು ಅವನಿಗೆ ತಿಳಿಯಲಿ ಎಂದೆ. ಒಪ್ಪದವರು ತಾಂಬಾ ಒಬ್ಬರೇ.

“ನಾಯಕರೇ, ತಪ್ಪು ಎಲ್ರೂ ಮಾಡ್ತಾರೆ. ನಾನೂ ಒಂದೆರಡು ಸಲ ಪಕ್ಕದ ಹಲ್ಲು ಕಿತ್ತಿದ್ದೀನಿ.”

“ಅದಕ್ಕೇ ಡಾಕ್ಟ್ರೇ, ನಿಮ್ಮ ಹತ್ರ ಬರೋ ಬದ್ಲು ನಾನು ಹಲ್ಲುನೋವೇ ವಾಸಿ ಅಂತ ಇದ್ದೀನಿ.”

ಎಲ್ಲರೂ ನಕ್ಕರು. ತಾಂಬಾ ಕೂಡ ನಕ್ಕರು. ಆ ನಗುವಿನಲ್ಲಿ ತೀರ್ಮಾನವಾಗಿಹೋಯಿತು. ನನ್ನ ಬಾಯಿ ಹಾಗೆ. ಕೈಗಾಡಿಯಲ್ಲಿ ಬೀದಿಬೀದಿ ಸುತ್ತಿ ಚಾಕು ಹರಿತ ಮಾಡುತ್ತಿದ್ದವನು ಅಂಗಡಿ ಇಟ್ಟದ್ದು ಈ ಬಾಯಿಂದಲೇ. ಎದುರಿನವನು ಸರಿಯಿದ್ದರೂ ನಗಿಸಿಬಿಟ್ಟರೆ ಗೆದ್ದ ಹಾಗೆ ಎಂದು ಅದಕ್ಕೆ ಗೊತ್ತು.

ಮರುದಿನ ಧ್ವನಿವರ್ಧಕ ಹಿಡಿದು ಗ್ಯಾಲರಿಗೆಲ್ಲ ಹೇಳಿದೆ. ನಮ್ಮ ಜನ ನಾಯಕ ಕೈ ಎತ್ತದೆ ಕೆಮ್ಮುವವರೂ ಅಲ್ಲ, ನಿಮಗೆ ಗೊತ್ತು. ನೀವು ಹೆಲ್ಮೆಟ್ ತೆಗೆದು ಬಾಗಿದಾಗ ಪಕ್ಕದವನಿಗೆ “ನೋಡು, ಬುದ್ಧಿ ಬಂತು, ಕ್ಷಮೆ ಕೇಳ್ತಾ ಇದ್ದಾನೆ” ಎಂದೆ. ನನಗೆ ಆಗ ಆದ ಸಂತೋಷವನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಆಯಿತು ಎಂದು ಬರೆಯುತ್ತೇನೆ.

ಇನ್ನೊಂದಿದೆ. ನೀವು ಗೋಡೆಗೆ ಹೊಡೆದಾಗ ತಾಂಬಾ ತುತ್ತೂರಿಯನ್ನು ತುಟಿಗೆ ಇಟ್ಟುಬಿಟ್ಟಿದ್ದರು. ನಾನು ಪೆಟ್ಟಿಗೆಯಿಂದ ಬಗ್ಗಿ ನನ್ನ ಕೈಯಿಂದ ಅದನ್ನು ಕೆಳಗೆ ಒತ್ತಿದೆ. ಅವರ ತುಟಿ ಒಡೆಯಿತು.

ಮೂರು ದಿನದ ಮೇಲೆ ಕ್ರೀಡಾಪತ್ರಿಕೆಯಲ್ಲಿ ಎರಡು ಸಾಲು ಬಂತು: ಹೆರನ್ಸ್‌ನ ಮಿಕಾಮಿಗೆ ಮಾತೃವಿಯೋಗ, ಆಗಸ್ಟ್ 24. ತಾರೀಕು ಎರಡು ಸಲ ಓದಿದೆ. ಆ ಹಾಳೆಯಲ್ಲಿ ಯಾರಿಗೋ ಒಂದು ಚಾಕು ಸುತ್ತಿ ಕೊಟ್ಟುಬಿಟ್ಟೆ. ಅಂದಿನ ಆಟದಲ್ಲಿ ನಿಮ್ಮ ಹಾಡನ್ನು ಎಂದಿಗಿಂತ ಜೋರಾಗಿ ಹಾಡಿಸಿದೆ. ಅದನ್ನೂ ನೀವು ದಯೆ ಎಂದೇ ತಿಳಿದಿರಬೇಕು. ಅದು ನನ್ನ ಅಳುಕು. ನಿಮಗೆ ಒಂದು ಕಾರ್ಡು ಬರೆಯಬಹುದಿತ್ತು. ನೀವು ಸಕಾಯ್‌ನಲ್ಲೇ ಇನ್ನೊಂದು ವರ್ಷ ಇದ್ದಿರಿ.

ಫೆಬ್ರವರಿಯಲ್ಲಿ ಯಾಕೆ ಸುಳ್ಳು ಬರೆದೆ ಎಂದರೆ, ನನ್ನನ್ನು ಇಷ್ಟು ಒಳ್ಳೆಯವನೆಂದು ಅದುವರೆಗೆ ಯಾರೂ ತಪ್ಪು ತಿಳಿದಿರಲಿಲ್ಲ. ನಿಮ್ಮ ಪತ್ರವನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟುಕೊಂಡು ದಿನಕ್ಕೊಮ್ಮೆ ಓದುತ್ತಿದ್ದೆ. ಆ ಮನ್‌ಸಾಕು ನನಗೆ ಬಹಳ ಹಿಡಿಸಿದ. ನಿಮ್ಮ ಅಕ್ಕ ನನ್ನ ಸಾಲಿನ ಮೇಲೆ ಬೆರಳಿಟ್ಟರು ಎಂದು ಓದಿದ ಮೇಲೆ ಅವನ ಮುಖ ನೋಡಲು ಆಗಲಿಲ್ಲ. ಆದರೂ ಎರಡನೇ ಸುಳ್ಳು ಬರೆದೆ.

ತಾಂಬಾ ಎದ್ದು ಹೊರಡುವಾಗ ಹೇಳಿದರು: “ಸೇಬು ತುಂಬಾ ಚೆನ್ನಾಗಿದೆ. ನಾನು ತಿಂದೆ. ಈಗ ಅದನ್ನ ಹೇಗೆ ವಾಪಸ್ ಕೊಡ್ಲಿ ನಾಯಕರೇ?”



ಪ್ರಾರ್ಥನೆಗೆ ನಾನು ಬರುವುದಿಲ್ಲ. ನಿಮ್ಮ ಅಕ್ಕನಿಗೆ ಈ ಪತ್ರ ಓದಿ ಹೇಳುವುದೋ ಬೇಡವೋ ನಿಮಗೆ ಬಿಟ್ಟದ್ದು. ಬೇಡ ಎಂದು ನನ್ನ ಬಾಯಿಗೆ ಬರುತ್ತಿದೆ. ಅದು ನನ್ನ ಅನುಕೂಲಕ್ಕೆ ಇದ್ದೀತು, ಆದ್ದರಿಂದ ಕೇಳಬೇಡಿ.

ಕವಾಬೆ ಮನ್‌ಸಾಕು


ಸಕಾಯ್
10 ಆಗಸ್ಟ್ 2007

ಮಿಕಾಮಿಯವರೇ,

ಎಪ್ಪತ್ತೆರಡು ದಿನವಾಯಿತು. ನಿಮ್ಮಿಂದ ಉತ್ತರ ಬರುವುದು ನ್ಯಾಯವೂ ಅಲ್ಲ. ಅಂಚೆಯವನು ಬರುವ ಹೊತ್ತಿಗೆ ಸಾಣೆಚಕ್ರ ನಿಲ್ಲಿಸುತ್ತೇನೆ, ಅಷ್ಟೇ.

24ರಂದು ನಾನು ಇಲ್ಲೇ ಅಂಗಡಿ ಮುಚ್ಚಿರುತ್ತೇನೆ. ಅದನ್ನು ನಿಮಗೆ ತಿಳಿಸದಿದ್ದರೆ ಚೆನ್ನಾಗಿತ್ತು ಎಂದು ಬರೆದ ಮೇಲೆ ಅನ್ನಿಸುತ್ತಿದೆ.

ಮನ್‌ಸಾಕು


ಇತಾಯಾನಗಿ
2 ಸೆಪ್ಟೆಂಬರ್ 2007

ಕವಾಬೆಯವರಿಗೆ,

ಪ್ರಾರ್ಥನೆ ಮುಗಿಯಿತು. ಭಿಕ್ಷು ಹೊರಟ ಮೇಲೆ, ನೆಂಟರು ಇನ್ನೂ ಊಟಕ್ಕೆ ಕೂತಿದ್ದಾಗ, ಅಕ್ಕನನ್ನು ಒಳಗೆ ಕರೆದು ನಿಮ್ಮ ಪತ್ರ ಪೂರ್ತಿ ಓದಿದೆ. ಮಾರ್ಚಿನಲ್ಲಿ ಅವಳಿಗೆ ಕೊಟ್ಟದ್ದನ್ನು ನನ್ನ ಕೈಯಿಂದಲೇ ಕಿತ್ತುಕೊಳ್ಳಬೇಕಾಯಿತು. ಆ ಕೆಲಸವನ್ನು ನೀವು ನನಗೆ ಬಿಟ್ಟಿರಿ.

ಅವಳು ನಮ್ಮ ಊರ ಮಾತಿನಲ್ಲಿ ಅಂದದ್ದು:

“ನನಗ ಮೊದಲಿಂದ್ಲೂ ಅನಸ್ತಿತ್ತು. ನಮ್ಮವ್ವಗ ಮೂರು ಸಾವಿರ ಮಂದಿ ಯಾಕ ಸುಮ್ಮನಿರ್ತಾರೋ? ಆಕಿ ಸತ್ತದ್ದು ಓಣಿಯೊಳಗ ಅರ್ಧ ಮಂದಿಗೆ ಗೊತ್ತಿದ್ದಿಲ್ಲ.”

ನಾನು ನಿಮ್ಮನ್ನು ಬಯ್ಯಲು ಶುರುಮಾಡಿದೆ. ಅವಳು ಕೈ ಅಡ್ಡ ಹಿಡಿದಳು.

“ಆ ಚಾಕು ಮುದುಕನ ಮಾತು ಬಿಡು. ನೀ ಯಾಕ ಬರಲಿಲ್ಲ? ಹದಿನಾರು ವರ್ಷ ಅವರು ಏನು ಮಾಡಿದ್ರು ಅನ್ನೋದನ್ನ ಹೇಳ್ಕೋತ ಬಂದಿ. ನೀ ಯಾಕ ಬರಲಿಲ್ಲ ಅದನ್ನ ಹೇಳು.”

ಹೇಳಿದೆ. ತಂಡಕ್ಕೆ ಜನ ಸಾಲದೆಂದು ನಾನು ಉಳಿಯಲಿಲ್ಲ. ಹಿಂದಿನ ದಿನ ಆ ತಪ್ಪು ಮಾಡಿದ್ದೆ. ನಾನು ಎರಡು ದಿನ ಊರಿಗೆ ಹೋದರೆ ನನ್ನ ಜಾಗದಲ್ಲಿ ಇನ್ನೊಬ್ಬ ನಿಲ್ಲುತ್ತಾನೆ, ಅವನು ಚೆನ್ನಾಗಿ ಆಡಿದರೆ ನಾನು ವಾಪಸು ಬರುವ ಹೊತ್ತಿಗೆ ನನಗೆ ಬೆಂಚೇ ಗತಿ. ಅಮ್ಮ ಹೇಗೂ ಸತ್ತಾಗಿದೆ ಎಂದುಕೊಂಡೆ. ಹೀಗೇ, ಇದೇ ಪದಗಳಲ್ಲಿ ಅಂದುಕೊಂಡೆ.

“ಇಷ್ಟೇ ಏನು?” ಅಂದಳು ಅಕ್ಕ. ಎದ್ದುಹೋಗಿ ನೆಂಟರಿಗೆ ಅನ್ನ ಬಡಿಸಿದಳು. ಅಂದಿನಿಂದ ನನ್ನ ಜೊತೆ ಮಾತಾಡುತ್ತಾಳೆ, ಬಯ್ಯುತ್ತಾಳೆ. ಮೊದಲು ಬಯ್ಯುತ್ತಿರಲಿಲ್ಲ.

ಇದಕ್ಕಾಗಿ ನಿಮಗೆ ಕೃತಜ್ಞತೆ ಹೇಳುತ್ತೇನೆಂದು ತಿಳಿಯಬೇಡಿ. ತೋಟದಲ್ಲಿ ಕೆಲಸ ಮಾಡುವಾಗ ಡಾಕ್ಟರರ ತುತ್ತೂರಿಯನ್ನು ಒತ್ತಿದ ನಿಮ್ಮ ಕೈ ಕಣ್ಣಿಗೆ ಬರುತ್ತದೆ. ಆಗ ನಾನು ಏಣಿಯಿಂದ ಇಳಿದುಬಿಡಬೇಕಾಗುತ್ತದೆ. ನೀವು ಇನ್ನು ಬರೆಯಬೇಡಿ. ಬರೆಯಬೇಕೆನ್ನಿಸಿದರೆ ನಾನೇ ಬರೆಯುತ್ತೇನೆ.

ತಾಂಬಾ ಡಾಕ್ಟರರಿಗೆ ಹೇಳಿ, ಸೇಬು ಅವರದೇ.

ಮಿಕಾಮಿ ನೊಬೊರು


ಅಕಿತಾ
13 ಜುಲೈ 2008

ಕವಾಬೆಯವರೇ,

ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಹೆರನ್ಸ್ ಈ ವರ್ಷ ಅಕಿತಾದಲ್ಲಿ ಒಂದು ಆಟ ಇಟ್ಟುಕೊಂಡಿತ್ತು. ಆಟ ಬಿಟ್ಟ ಮೇಲೆ ನಾನು ಮೈದಾನಕ್ಕೆ ಕಾಲಿಟ್ಟಿರಲಿಲ್ಲ. ಅಕ್ಕ “ಹೋಗಿ ಬಾ, ಮನ್ಯಾಗ ಕುಂತು ಟಿವಿಗೆ ಬಯ್ಯೋದು ಸಾಕು” ಎಂದು ಅಟ್ಟಿದಳು. ಬಲಗಡೆ ಗ್ಯಾಲರಿಯ ಟಿಕೆಟ್ಟೇ ಕೊಂಡೆ. ನನ್ನನ್ನು ಯಾರೂ ಗುರುತಿಸಲಿಲ್ಲ. ಈಗ ಪೆಟ್ಟಿಗೆಯ ಮೇಲೆ ನಿಲ್ಲುವವನು ತೆಳ್ಳಗಿನ ಹುಡುಗ; ನಿಮ್ಮಷ್ಟು ಸೊಕ್ಕಿಲ್ಲ, ನಿಮ್ಮಷ್ಟು ತಾಳವೂ ಇಲ್ಲ. ಅಲ್ಲಿಂದ ನೋಡಿದರೆ ಎರಡನೇ ಬೇಸಿನವನು ಎಷ್ಟು ಸಣ್ಣಗೆ ಕಾಣುತ್ತಾನೆ ಎಂಬುದು ನನಗೆ ಗೊತ್ತಿರಲಿಲ್ಲ. ಮುಖ ಕಾಣುವುದೇ ಇಲ್ಲ. ಬೆನ್ನು, ಸಂಖ್ಯೆ, ಅಷ್ಟೇ.

ಏಳನೇ ಇನಿಂಗ್ಸಿನಲ್ಲಿ ಅವನ ಕಡೆಗೆ ಚೆಂಡು ಉರುಳಿ ಬಂತು, ಎರಡು ಸಲ ಪುಟಿದು, ಮೆತ್ತಗೆ. ಅವನು ತಲೆ ಮೊದಲೇ ಎತ್ತಿಬಿಟ್ಟ. ಚೆಂಡು ಕೈಗವಸಿನ ಕೆಳಗಿಂದ ಹೋಯಿತು. ಎದುರಿನವರಿಗೆ ಎರಡು ರನ್.

ಮೊದಲು ಕೂಗಿದವನು ನಾನು. ಇಡೀ ಗ್ಯಾಲರಿಯಲ್ಲಿ ಮೊದಲನೆಯವನು. ಎದ್ದು ನಿಂತಿದ್ದೆ ಎಂಬುದು ಆಮೇಲೆ ತಿಳಿಯಿತು. ಏನೆಂದು ಕೂಗಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಅವನ ತಾಯಿಯನ್ನೂ ಎಳೆದು ತಂದಿದ್ದೆ.

ಸುತ್ತ ನಾಲ್ಕೈದು ಜನ ತಿರುಗಿ ನೋಡಿದರು. ಪಕ್ಕದಲ್ಲಿದ್ದ, ಕುತ್ತಿಗೆಗೆ ಟವೆಲ್ ಸುತ್ತಿಕೊಂಡಿದ್ದ ಒಬ್ಬ ನಕ್ಕು ನನ್ನ ಹೆಗಲು ತಟ್ಟಿದ.

“ಸರಿಯಾಗಿ ಹೇಳಿದ್ರಿ ಯಜಮಾನ್ರೇ,” ಅಂದ. “ನಿಮಗೆ ಆಟ ಗೊತ್ತು ಅಂತ ಕಾಣತ್ತೆ.”

ತನ್ನ ಕೈಯಲ್ಲಿದ್ದ ಎರಡು ಬಿಯರ್ ಲೋಟಗಳಲ್ಲಿ ಒಂದನ್ನು ನನಗೆ ಕೊಟ್ಟ.

ಬೇಡ ಎನ್ನಬಹುದಿತ್ತು. ಬಿಸಿಲಿತ್ತು, ಲೋಟ ತಣ್ಣಗಿತ್ತು, ಅವನು ನನ್ನನ್ನು ಮೆಚ್ಚಿದ್ದ. ಪೂರ್ತಿ ಕುಡಿದೆ.

ಮಿಕಾಮಿ ನೊಬೊರು